ಡಗ್ಲಸ್ ನಡೆದ ಎಡಿನ್‌ಬರೊ

ಎಡಿನ್‌ಬರೊ ನಗರಕ್ಕೆ ಬಂದವರು ಕೋಟೆಯನ್ನೂ ಅರಮನೆಯನ್ನೂ ಕಂಡು ತೃಪ್ತರಾಗುವುದು ವಾಡಿಕೆ. ಆದರೆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಈ ನಗರದ ಧರ್ಮಬುದ್ಧಿಯನ್ನೇ ಕೆಣಕಿದ ಫ್ರೆಡರಿಕ್ ಡಗ್ಲಸ್ಸನ ಜಾಡು ಹಿಡಿದು ನಡೆಸುವ ಸಂಚಾರವೊಂದುಂಟೆಂದು ತಿಳಿದಾಗ ನಾನು ಅದನ್ನೇ ಆರಿಸಿಕೊಂಡೆನು.

ಗಿಲ್ಮೋರ್ ಪ್ಲೇಸಿನ 33ನೆಯ ಸಂಖ್ಯೆಯ ಕಲ್ಲುಮನೆಯ ಮುಂದೆ ಮಾರ್ಗದರ್ಶಕಿ ನಮ್ಮನ್ನು ನಿಲ್ಲಿಸಿದಳು. 1846ರಲ್ಲಿ ಡಗ್ಲಸ್ ತಂಗಿದ್ದುದು ಇಲ್ಲಿಯೇ ಎಂದು ಸಾರುವ ಗೋಡೆಯ ಮೇಲಣ ಚಿಕ್ಕ ಫಲಕ 2018ರದು. ಮೇರಿಲೆಂಡಿನಲ್ಲಿ ದಾಸನಾಗಿ ಹುಟ್ಟಿ, 1838ರಲ್ಲಿ ಉತ್ತರಕ್ಕೆ ಓಡಿಹೋದ ಈತನು 1845ರಲ್ಲಿ ಆತ್ಮಕಥೆಯನ್ನು ಬರೆದು, ಒಡೆಯನ ಹೆಸರನ್ನು ಬಯಲಿಗಿಟ್ಟನು. ಅದರಿಂದ ಮತ್ತೆ ಸೆರೆಸಿಕ್ಕುವ ಭಯವುಂಟಾಗಿ, ಸ್ನೇಹಿತರ ಮಾತಿನಂತೆ ಕೇಂಬ್ರಿಯಾ ಹಡಗನ್ನೇರಿ ಅಟ್ಲಾಂಟಿಕ್ಕನ್ನು ದಾಟಿದನು.

ಪ್ರಿನ್ಸಸ್ ಸ್ಟ್ರೀಟಿನಲ್ಲಿ ವಾಲ್ಟರ್ ಸ್ಕಾಟನ ಸ್ಮಾರಕವಿದೆ. ಅದರ ಬುಡದ ಕಲ್ಲಿನ ಮೇಲೆ ಕೈಯಾಡಿಸಿದೆನು. ಊರಿನ ಹಳೆಯ ಹೊಗೆಯನ್ನೆಲ್ಲ ಕುಡಿದು ಅದು ಒಲೆಯ ಗೋಡೆಯಂತೆ ಕಪ್ಪಾಗಿತ್ತು. ಸ್ಕಾಟನ ‘ದಿ ಲೇಡಿ ಆಫ್ ದಿ ಲೇಕ್’ ಕಾವ್ಯವನ್ನು ಓದುತ್ತಿದ್ದ ಆಶ್ರಯದಾತನೊಬ್ಬನು ಸೂಚಿಸಿದ ಹೆಸರೇ ಡಗ್ಲಸ್ ಎಂಬುದು. ಹೀಗೆ ಹೆಸರಿನ ಋಣವಿದ್ದ ನಾಡಿಗೇ ಆತನು ನಿಷ್ಠುರವನ್ನು ನುಡಿಯಬೇಕಾಗಿ ಬಂದಿತು.

ಅದರ ಕಾರಣವು ಜಾರ್ಜ್ ಸ್ಟ್ರೀಟಿನ ಸೇಂಟ್ ಆಂಡ್ರೂಸ್ ಚರ್ಚಿನ ಎದುರಿನಲ್ಲಿ ಸ್ಪಷ್ಟವಾಯಿತು. ಪಾದ್ರಿಗಳನ್ನು ನೇಮಿಸುವುದರಲ್ಲಿ ಜಮೀನುದಾರರಿಗಿದ್ದ ಹಕ್ಕನ್ನು ಒಪ್ಪದವರು 1843ರಲ್ಲಿ ಇಲ್ಲಿಂದ ಎದ್ದು ಹೊರನಡೆದು, ಮನೆಮಠಗಳನ್ನೂ ಸಂಬಳವನ್ನೂ ತೊರೆದು, ಫ್ರೀ ಚರ್ಚನ್ನು ಸ್ಥಾಪಿಸಿದರು. ತ್ಯಾಗವೇನೋ ದೊಡ್ಡದು, ಆದರೆ ಹೊಸ ದೇವಮಂದಿರಗಳಿಗೆ ಹಣ ಬೇಕಾಗಿ ಅಮೆರಿಕಕ್ಕೆ ಹೋದ ನಿಯೋಗವು ದಕ್ಷಿಣದ ಗುಲಾಮರ ಒಡೆಯರಿಂದಲೂ ದೇಣಿಗೆಯನ್ನು ಎತ್ತಿತು, ಆ ಮೊತ್ತ ಸುಮಾರು 3,000 ಪೌಂಡು. ಉಂಡ ಮನೆಯವರನ್ನು ದೂರುವುದಕ್ಕೆ ನಾಲಗೆ ಏಳುವುದೆ? ಆದುದರಿಂದ ‘ಆ ಹಣವನ್ನು ಹಿಂದಕ್ಕೆ ಕಳುಹಿಸಿ’ ಎಂಬುದೇ ಡಗ್ಲಸ್ಸನ ಘೋಷಣೆಯಾಗಿ, ಸಭೆಸಭೆಗಳಲ್ಲಿ ಮೊಳಗಿತು.

ಕಾಲ್ಟನ್ ಗುಡ್ಡವನ್ನೇರಿದಾಗ ಸಾಲಿಸ್‌ಬರಿ ಕ್ರ್ಯಾಗ್ಸ್ ಎಂಬ ಕಡಿದಾದ ಬಂಡೆಸಾಲು ಎದುರಿಗೆ ಕಂಡಿತು. ಅದರ ಆಸುಪಾಸಿನ ಹುಲ್ಲುನೆಲದಲ್ಲಿ ಇಬ್ಬರು ಮಹಿಳೆಯರ ಸಂಗಡ ಆತನು ಅದೇ ಘೋಷಣೆಯನ್ನು ಕೆತ್ತಿದನೆಂದು ಪ್ರತೀತಿ. ಹಣ ಮಾತ್ರ ಹಿಂದಿರುಗಲಿಲ್ಲ.

ನಮ್ಮೊಡನಿದ್ದ ವೃದ್ಧರೊಬ್ಬರು, “ಈತನನ್ನು ಬಿಡಿಸುವುದಕ್ಕಾಗಿ ಒಡೆಯನಿಗೆ ಹಣ ತೆತ್ತರಲ್ಲ, ಅದು ಸರಿಯೆ?” ಎಂದು ಕೇಳಿದರು. ನ್ಯೂಕಾಸಲಿನ ರಿಚರ್ಡ್‌ಸನ್ ಮನೆತನದ ಕ್ವೇಕರ್ ಮಹಿಳೆಯರು 150 ಪೌಂಡು ಕೂಡಿಸಿ 1846ರ ಕೊನೆಗೆ ಆತನ ಬಿಡುಗಡೆಯನ್ನು ಸಾಧಿಸಿದ್ದರು. ಮನುಷ್ಯನಿಗೆ ಬೆಲೆ ಕಟ್ಟಿದಂತಾಯಿತೆಂದು ಗುಲಾಮಗಿರಿ ವಿರೋಧಿ ಚಳವಳಿಯವರಲ್ಲೇ ಹಲವರು ಆಕ್ಷೇಪಿಸಿದ್ದುಂಟು. ಆ ಹಣವು ಸ್ವಾತಂತ್ರ್ಯವನ್ನು ಕೊಡಿಸಿತೇ ವಿನಾ ಒಡೆಯನ ಹಕ್ಕನ್ನು ಒಪ್ಪಿದಂತಾಗಲಿಲ್ಲವೆಂಬುದು ಡಗ್ಲಸ್ಸನ ಸಮಾಧಾನ. ನನಗೂ ಅದೇ ಯುಕ್ತವೆಂದು ತೋರಿತು: ಹಣದ ಶುದ್ಧಾಶುದ್ಧಿಯನ್ನು ನಿರ್ಣಯಿಸುವಾಗ ಅದು ಯಾರ ಕೈಯಿಂದ ಬಂದಿತೆಂಬುದರ ಜೊತೆಗೆ, ಅದು ಯಾರ ಬಾಯನ್ನು ಕಟ್ಟಿತು, ಯಾರ ಬಾಯನ್ನು ಬಿಚ್ಚಿತು ಎಂಬುದನ್ನೂ ಕೇಳಬೇಕು. ಬ್ರಿಟಿಷ್ ಮಿತ್ರರು ಬೇರೆಯಾಗಿ ಕೂಡಿಸಿಕೊಟ್ಟ ನಿಧಿಯ ಬಲದಿಂದಲೇ, ಸ್ವತಂತ್ರನಾಗಿ ಮರಳಿದ ಡಗ್ಲಸ್ 1847ರ ಡಿಸೆಂಬರಿನಲ್ಲಿ ರಾಚೆಸ್ಟರಿನಿಂದ ‘ದಿ ನಾರ್ತ್ ಸ್ಟಾರ್’ ಪತ್ರಿಕೆಯನ್ನು ಹೊರಡಿಸಿದನು.