ಗುಲ್ಟೇಕಡಿಯ ಸೇಬು, ಯೆರವಾಡದ ಗೋಡೆ

ಬೆಳಗಿನ ಐದು ಗಂಟೆ. ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡ್‌ನಲ್ಲಿ ಲಾರಿಗಳು ಹಿಂದಕ್ಕೆ ಸರಿಯುತ್ತಿವೆ. ‘ಬಾಜೂ, ಬಾಜೂ’ ಎನ್ನುತ್ತ ಹಮಾಲರು ಬೆನ್ನ ಮೇಲೆ ಪೆಟ್ಟಿಗೆ ಹೊತ್ತು ಓಡುತ್ತಿದ್ದಾರೆ. 2025ರ ಮೇ ತಿಂಗಳ ನಡುಭಾಗ. ಆಪೂಸ್ ಮಾವಿನ ಕಾಲವಾದ್ದರಿಂದ ಹುಲ್ಲು ಹಾಸಿದ ಪೆಟ್ಟಿಗೆಗಳ ವಾಸನೆ ಡೀಸೆಲ್ ಹೊಗೆಯನ್ನೂ ದಾಟಿ ಬರುತ್ತದೆ. ನಾನು ಬಂದಿರುವುದು ಮಾವಿಗಲ್ಲ, ಸೇಬಿಗೆ. ಹಣ್ಣಿನ ಸಾಲಿನಲ್ಲಿ ಹಿಮಾಚಲದ ಸೇಬಿದೆ, ಇರಾನಿನದಿದೆ. ಕೆಲವು ದಿನಗಳ ಹಿಂದಿನವರೆಗೆ ಇವುಗಳ ಪಕ್ಕದಲ್ಲೇ ಕೂರುತ್ತಿದ್ದ ತುರ್ಕಿ ಸೇಬನ್ನು ಇಲ್ಲಿನ ವ್ಯಾಪಾರಿಗಳು ಬೇಡವೆಂದಿದ್ದಾರೆ.

ಒಂದು ಅಂಗಡಿಯ ಕಟ್ಟೆಯ ಮೇಲೆ ವಯಸ್ಸಾದ ಹಮಾಲರೊಬ್ಬರು ಕೂತಿದ್ದಾರೆ. ನಾನು ಫೋನಿನಲ್ಲಿ ಆಡಿದ ಕನ್ನಡ ಕಿವಿಗೆ ಬಿದ್ದಿರಬೇಕು.

“ಯಾವೂರ್ರೀ ಸರ?”

“ಧಾರವಾಡ ಕಡೆ, ಕಾಕಾ. ನಿಮ್ಮದು?”

“ಇಂಡಿ ತಾಲೂಕರೀ.”

ತುರ್ಕಿ ಸೇಬಿನ ಮಾತೆತ್ತಿದೆ. “ಸೇಟ್‌ಗೋಳು ಬ್ಯಾಡಂದಾರ್ರಿ. ಪೆಟಗಿ ಇಳಸೂದು ಕಡಿಮಿ ಆದ್ರ ನಮ್ಮ ಕೂಲೀನೂ ಕಡಿಮಿ. ಆದ್ರೂ ಬ್ಯಾಡ್ರಿ ಅದು, ಹೋಗ್ಲಿ.” ಇಷ್ಟು ಹೇಳಿ ಸಿಂಬಿ ಏರಿಸಿಕೊಂಡು ಎದ್ದರು.

ಋತುವಿನಲ್ಲಿ ತುರ್ಕಿ ಸೇಬಿನ ವಹಿವಾಟು 1,000ದಿಂದ 1,200 ಕೋಟಿ ರೂಪಾಯಿ ಎಂದು ಇಲ್ಲಿನ ವ್ಯಾಪಾರಿಗಳೇ ಲೆಕ್ಕ ಹೇಳುತ್ತಾರೆ. ಅದರಲ್ಲಿ ಈ ಕಾಕಾನ ಪಾಲು ಪೆಟ್ಟಿಗೆಗೆ ಇಷ್ಟೆಂದು ಬರುವ ಕೂಲಿ ಮಾತ್ರ. ಅದನ್ನೂ ಬಿಡಲು ಸಿದ್ಧವಿರುವ ಈ ಸಿಟ್ಟನ್ನು ನಾನು ಹಗುರವಾಗಿ ಕಾಣಲಾರೆ. ಯಾರೂ ಆದೇಶ ಹೊರಡಿಸಿರಲಿಲ್ಲ. ಮೇ 7ರ ನಸುಕಿನಲ್ಲಿ ಭಾರತದ ಸೇನೆ ಗಡಿಯಾಚೆಯ ಒಂಬತ್ತು ಕಡೆ ದಾಳಿ ಮಾಡಿದಾಗ ತುರ್ಕಿ ಪಾಕಿಸ್ತಾನದ ಪರ ನಿಂತಿತು. ಮರುದಿನ ರಾತ್ರಿ ಭಾರತದ 36 ಸ್ಥಳಗಳತ್ತ ಮುನ್ನೂರು-ನಾನ್ನೂರು ಡ್ರೋನ್‌ಗಳು ಹಾರಿ ಬಂದವು. ಬಿದ್ದ ಚೂರುಗಳನ್ನು ಪರೀಕ್ಷಿಸಿದಾಗ ಅವು ತುರ್ಕಿಯ ಸೊಂಗಾರ್ ಡ್ರೋನ್‌ಗಳೆಂದು ಮೇಲ್ನೋಟಕ್ಕೆ ಕಾಣುತ್ತದೆ ಎಂದು ದೆಹಲಿಯ ಪತ್ರಿಕಾಗೋಷ್ಠಿಯಲ್ಲಿ ಸೇನಾಧಿಕಾರಿಗಳು ತಿಳಿಸಿದರು. 2023ರ ಫೆಬ್ರವರಿಯಲ್ಲಿ ತುರ್ಕಿಯಲ್ಲಿ ಭೂಮಿ ಕಂಪಿಸಿದಾಗ ‘ಆಪರೇಷನ್ ದೋಸ್ತ್’ ಹೆಸರಿನಲ್ಲಿ ನಮ್ಮ ರಕ್ಷಣಾ ತಂಡಗಳೂ ಸೇನೆಯ ವೈದ್ಯರೂ ಅಲ್ಲಿಗೆ ಹೋಗಿದ್ದರು. ಆ ನೆನಪು ಜನರಿಗೆ ಹಸಿಯಾಗಿಯೇ ಇತ್ತು.

ಅದಕ್ಕಿಂತ ಹಸಿಯಾದದ್ದು ವೈಕುಂಠ ಸ್ಮಶಾನದ ದಾರಿ. ಏಪ್ರಿಲ್ 22ರಂದು ಪಹಲ್ಗಾಮ್‌ನ ಬೈಸರನ್ ಹುಲ್ಲುಗಾವಲಿನಲ್ಲಿ ಗುಂಡಿಗೆ ಬಲಿಯಾದ 26 ಜನರಲ್ಲಿ ಇಬ್ಬರು ಪುಣೆಯವರು, ಕುಟುಂಬಸಹಿತ ಜೊತೆಯಾಗಿ ಪ್ರವಾಸ ಹೋಗಿದ್ದ ಗೆಳೆಯರು. 24ರಂದು ಅವರ ದೇಹಗಳು ಊರಿಗೆ ಬಂದವು. ನವೀ ಪೇಟೆಯ ರಸ್ತೆಯಲ್ಲಿ ಜನ ಬೆಳಿಗ್ಗೆಯೇ ನಿಂತಿದ್ದರು. ತಂದೆಯ ಕೊನೆಯ ಯಾತ್ರೆಗೆ ಬಂದ ಮಗಳು ರಕ್ತದ ಕಲೆಯಿದ್ದ ಅದೇ ಬಟ್ಟೆಯಲ್ಲಿದ್ದಳು. ಅದನ್ನು ಕಂಡವರ ಎದುರು ಸಂಯಮದ ಪಾಠ ಹೇಳುವುದು ಸುಲಭವಲ್ಲ, ನಾನಂತೂ ಹೇಳಲಿಲ್ಲ. ಅದೇ ಹೊತ್ತಿಗೆ ಶಿವಮೊಗ್ಗದಲ್ಲೂ ಬೆಂಗಳೂರಿನಲ್ಲೂ ಇಂಥದೇ ಮೆರವಣಿಗೆಗಳು ಹೊರಟಿದ್ದವು.

ಹೀಗಾಗಿ ಮೇ 7ರ ಬೆಳಿಗ್ಗೆ ಪುಣೆಯಲ್ಲಿ ಕಂಡದ್ದು ಸಮಾಧಾನ. ಆ ಸಾವುಗಳಿಗೆ ಉತ್ತರವಾಗಿ ನಡೆದ ದಾಳಿಯ ‘ಆಪರೇಷನ್ ಸಿಂದೂರ’ ಎಂಬ ಹೆಸರಿಗೆ ಗಂಡಂದಿರನ್ನು ಕಳೆದುಕೊಂಡ ಮನೆಗಳಿಂದಲೇ ಕಣ್ಣೀರಿನ ಮೆಚ್ಚುಗೆ ಬಂತು. ಅಂದು ಸುದ್ದಿ ವಿವರಿಸಿದ ಕರ್ನಲ್ ಸೋಫಿಯಾ ಕುರೇಷಿ ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಸೊಸೆ ಎಂಬ ಸಂಗತಿ ಮಧ್ಯಾಹ್ನದೊಳಗೆ ಇಲ್ಲಿನ ಕನ್ನಡಿಗರ ವಾಟ್ಸ್ಯಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ಹೆಮ್ಮೆಗೆ ಕಾರಣವಿತ್ತು: 2016ರಲ್ಲಿ ಹಲವು ದೇಶಗಳ ಸೇನೆಗಳು ಇದೇ ಪುಣೆಯಲ್ಲಿ ಅಭ್ಯಾಸ ನಡೆಸಿದಾಗ ಭಾರತದ ತಂಡವನ್ನು ಮುನ್ನಡೆಸಿದವರು ಅವರೇ. ಮೇ 7ರಂದೇ ಸಂಜೆ ನಾಲ್ಕಕ್ಕೆ ನಾಗರಿಕ ರಕ್ಷಣೆಯ ಅಣಕು ಅಭ್ಯಾಸ, ಸೈರನ್.

ಇದು ಯುದ್ಧವನ್ನು ಟಿವಿಯಲ್ಲಿ ಮಾತ್ರ ನೋಡುವ ಊರಲ್ಲ. ದಕ್ಷಿಣ ಕಮಾಂಡಿನ ಕೇಂದ್ರ ಇಲ್ಲಿದೆ, ಖಡಕ್‌ವಾಸ್ಲಾದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇದೆ. ನಮ್ಮ ಓಣಿಯಲ್ಲೇ ಮಗ ಗಡಿಯಲ್ಲಿರುವ ಮನೆಯಿದೆ. ಮೇ 10ರಂದು ಗುಂಡಿನ ಕಾಳಗ ನಿಂತಿತೆಂಬ ಸುದ್ದಿ ಬಂದಾಗ, ಇನ್ನೂ ಹೊಡೆಯಬೇಕಿತ್ತು ಎಂದು ಕೆಲವರು ವಾದಿಸುತ್ತಿದ್ದರು. ಆ ಮನೆಯ ತಾಯಿ ದೇವರ ಮುಂದೆ ದೀಪ ಹಚ್ಚಿದರು.

ಮೇ 27. ಮುಂಗಾರು ಈ ಸಲ ಮೊದಲೇ ಬಂದಿದೆ, ನಿನ್ನೆಯೇ ಪುಣೆ ತಲುಪಿದೆ. ಯೆರವಾಡ ಜೈಲಿನ ಉದ್ದನೆಯ ಕಲ್ಲುಗೋಡೆ ನೆನೆದು ಕಪ್ಪಾಗಿದೆ. ಒಳಗೆ 19 ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಆಪರೇಷನ್ ಸಿಂದೂರದ ದಿನ ಸರ್ಕಾರವನ್ನು ಟೀಕಿಸುವ ಯಾರದೋ ಇನ್‌ಸ್ಟಾಗ್ರಾಮ್ ಬರಹವನ್ನು ಹಂಚಿಕೊಂಡಿದ್ದಳು. ಬೆದರಿಕೆ ಬರತೊಡಗಿದಾಗ ಎರಡು ಗಂಟೆಯೊಳಗೆ ಅಳಿಸಿ ಕ್ಷಮೆ ಕೇಳಿದಳು. ಅಷ್ಟಕ್ಕೆ ಮುಗಿಯಲಿಲ್ಲ. ಕಾಲೇಜು ಹೊರಹಾಕಿತು, ಪೊಲೀಸರು 9ರಂದು ಬಂಧಿಸಿದರು. ಅವಳು ಜೈಲಿನಲ್ಲಿರುವಾಗಲೇ ಪರೀಕ್ಷೆ ಶುರುವಾಯಿತು.

ಈ ಗೋಡೆಯ ಮುಂದೆ ನಿಂತಾಗ ಇನ್ನೊಂದು ಬೆಳಗು ನೆನಪಾಗದೆ ಇರದು. 2012ರ ನವೆಂಬರ್ 21, ಏಳೂವರೆ ಗಂಟೆ. ಮುಂಬೈ ದಾಳಿಯ ಅಜ್ಮಲ್ ಕಸಬ್‌ನನ್ನು ಗಲ್ಲಿಗೇರಿಸಿದ್ದು ಇದೇ ಜೈಲಿನಲ್ಲಿ. ಅವನಿಗೆ ನಾವು ವಕೀಲರನ್ನು ಕೊಟ್ಟೆವು. ವಿಚಾರಣಾ ನ್ಯಾಯಾಲಯ, ಹೈಕೋರ್ಟ್, ಸುಪ್ರೀಂ ಕೋರ್ಟ್ ಮೂರೂ ಅವನ ಮಾತು ಕೇಳಿದವು, ರಾಷ್ಟ್ರಪತಿಗಳಲ್ಲಿ ದಯೆ ಕೋರಲೂ ಅವಕಾಶವಿತ್ತು. ಕೈಯಲ್ಲಿ ಬಂದೂಕು ಹಿಡಿದು ಸಿಕ್ಕವನ ಮಾತನ್ನೂ ನಾಲ್ಕು ವರ್ಷ ಕೇಳಿಸಿಕೊಂಡ ದೇಶವಿದು. ಅದನ್ನು ನಾನು ನಮ್ಮ ದೌರ್ಬಲ್ಯವೆಂದು ಎಂದೂ ಎಣಿಸಿಲ್ಲ. ಈ ಹುಡುಗಿಗೆ ಎರಡು ಗಂಟೆಯ ಕ್ಷಮೆಯೂ ಸಾಲಲಿಲ್ಲ ಎಂಬುದು ಆ ಕಾರಣಕ್ಕೇ ನನಗೆ ನೋವು. ಹಮಾಲ ಕಾಕಾನ ಸಿಟ್ಟು ತನ್ನ ಕೂಲಿಯನ್ನು ತಾನೇ ಬಿಟ್ಟುಕೊಟ್ಟಿತು. ಇಲ್ಲಿ ಬಂದ ಸಿಟ್ಟು ಮತ್ತೊಬ್ಬರಿಂದ ಕಿತ್ತುಕೊಂಡಿತು. ಎರಡನ್ನೂ ದೇಶಭಕ್ತಿಯೆಂದು ಒಂದೇ ಸಾಲಿನಲ್ಲಿ ಇಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಫೋನಿನಲ್ಲಿ ಸುದ್ದಿ. ಬಾಂಬೆ ಹೈಕೋರ್ಟಿನ ರಜಾಕಾಲದ ಪೀಠ ಸರ್ಕಾರವನ್ನೂ ಕಾಲೇಜನ್ನೂ ಕಟುವಾಗಿ ತರಾಟೆಗೆ ತೆಗೆದುಕೊಂಡಿದೆ. ತಕ್ಷಣ ಬಿಡಿ, ಪರೀಕ್ಷೆ ಬರೆಯಲು ಬಿಡಿ ಎಂದು ಆದೇಶಿಸಿ ಕಾಲೇಜಿನ ಕ್ರಮಕ್ಕೂ ತಡೆ ಹಾಕಿದೆ.

ಯೆರವಾಡದಿಂದ ಮುಳಾ-ಮುಠಾ ನದಿ ದಾಟಿದರೆ ಕೋರೆಗಾಂವ್ ಪಾರ್ಕ್. ಓಶೋ ಆಶ್ರಮದ ಹತ್ತಿರ, ನಾರ್ತ್ ಮೇನ್ ರಸ್ತೆಯ ಮೂಲೆಯಲ್ಲಿ ಜರ್ಮನ್ ಬೇಕರಿ. ಮಳೆಗೆ ಛತ್ರಿ ಮಡಚಿ ಒಳಗೆ ಬರುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು 2010ರಲ್ಲಿ ಶಾಲೆಗೆ ಹೋಗುತ್ತಿದ್ದವರು. ಆ ವರ್ಷದ ಫೆಬ್ರವರಿ 13, ಶನಿವಾರ ಸಂಜೆ, ಮೇಜಿನ ಕೆಳಗೆ ಯಾರೋ ಬಿಟ್ಟುಹೋದ ಚೀಲ ಸಿಡಿದು 17 ಜನ ಸತ್ತರು. ದೆಹಲಿಯಲ್ಲಿ ಭಾರತ-ಪಾಕಿಸ್ತಾನ ವಿದೇಶಾಂಗ ಕಾರ್ಯದರ್ಶಿಗಳ ಮಾತುಕತೆ ಅದೇ ತಿಂಗಳ 25ಕ್ಕೆ ನಿಗದಿಯಾಗಿತ್ತು. ರದ್ದು ಮಾಡಿ ಎಂಬ ಕೂಗು ಎದ್ದರೂ ಅದು ನಡೆಯಿತು. ವಿಮಾನ ಹಾರಲಿಲ್ಲ, ಕ್ಷಿಪಣಿ ಹೊರಡಲಿಲ್ಲ. 2016ರ ಸರ್ಜಿಕಲ್ ದಾಳಿ, 2019ರ ವಾಯುದಾಳಿ, 2025ರ ಸಿಂದೂರ ಎಂದು ದೇಶದ ಉತ್ತರ ಬದಲಾಗುತ್ತ ಬಂದಿದೆ, ಜನರ ನಿರೀಕ್ಷೆಯೂ ಬದಲಾಗಿದೆ. ಒಂಬತ್ತು ನೆಲೆಗಳ ಮೇಲಿನ ದಾಳಿಗೆ ಮೊನ್ನೆ ಹಿಡಿದದ್ದು 25 ನಿಮಿಷ.

ಬೇಕರಿಯ ಮೊಕದ್ದಮೆ ಬೇರೆ ಹಾದಿ ಹಿಡಿಯಿತು. ಆರೋಪಿಗಳಲ್ಲಿ ಒಬ್ಬನು ತನ್ನ ಹೆಸರಿಗೆ ನಮ್ಮ ಉತ್ತರ ಕನ್ನಡದ ಭಟ್ಕಳವನ್ನು ಅಂಟಿಸಿಕೊಂಡವನು. ಮಲ್ಲಿಗೆಗೆ ಹೆಸರಾದ ಊರಿನ ಜನ ಆ ಭಾರವನ್ನು ಇಂದಿಗೂ ಹೊರುತ್ತಿದ್ದಾರೆ. 2013ರಲ್ಲಿ ಪುಣೆಯ ನ್ಯಾಯಾಲಯ ಮತ್ತೊಬ್ಬ ಆರೋಪಿಗೆ ಮರಣದಂಡನೆ ವಿಧಿಸಿತು. 2016ರಲ್ಲಿ ಹೈಕೋರ್ಟು ಸ್ಫೋಟದ ಹಾಗೂ ಕೊಲೆಯ ಆರೋಪಗಳನ್ನು ಕೈಬಿಟ್ಟು, ಸ್ಫೋಟಕ ಇಟ್ಟುಕೊಂಡಿದ್ದ ಅಪರಾಧಕ್ಕೆ ಜೀವಾವಧಿಯನ್ನು ಮಾತ್ರ ಉಳಿಸಿತು.

ಪಕ್ಕದ ಮೇಜಿನಲ್ಲಿ ಮುಂದಿನ ದಾಳಿ ಎಲ್ಲಿಯವರೆಗೆ ಹೋಗಬೇಕು ಎಂದು ನಾಲ್ವರು ಗೆಳೆಯರು ಜೋರಾಗಿ ಚರ್ಚಿಸುತ್ತಿದ್ದಾರೆ. ನಡುವೆ ನಾನು ಬಾಯಿ ಹಾಕಿ, ಇಲ್ಲಿ ಸತ್ತ 17 ಜನರ ಮೊಕದ್ದಮೆ ಏನಾಯಿತು ಎಂದು ಗೊತ್ತೇ ಎಂದು ಕೇಳಿದೆ. ಒಬ್ಬ ಫೋನ್ ತೆಗೆದು ಹುಡುಕಿ, ಓದಿ, ಉಳಿದವರಿಗೆ ತೋರಿಸಿದ. “ಹಾಗಾದರೆ ಬಾಂಬ್ ಇಟ್ಟವರು ಯಾರು, ಕಾಕಾ?” ಎಂದು ಮರಾಠಿಯಲ್ಲಿ ನನ್ನನ್ನೇ ಕೇಳಿದ. ನಾಲ್ವರೂ ಕುರ್ಚಿ ಎಳೆದುಕೊಂಡು ನನ್ನ ಮೇಜಿಗೆ ಬಂದರು.