ಹೆಸರಿಲ್ಲದ ಸದ್ದು

ಪೋಲೆಂಡಿನ ಪೆಂಡೆರೆಟ್ಸ್ಕಿಯ ಒಂದು ಕೃತಿಗೆ ಮೊದಲಿದ್ದ ಹೆಸರು ಬರೀ ಅದರ ಅವಧಿ: 8 ನಿಮಿಷ 37 ಸೆಕೆಂಡು. ಆಮೇಲೆ ಅದು ಹಿರೋಶಿಮಾದಲ್ಲಿ ಸತ್ತವರ ಶೋಕಗೀತೆಯಾಯಿತು. 52 ತಂತಿವಾದ್ಯಗಳು ಒಟ್ಟಿಗೆ ಚೀರುವ ಈ ಕೃತಿಯನ್ನು 1961ರಲ್ಲಿ 'ವಾರ್ಸಾ ಶರತ್ಕಾಲ' ಉತ್ಸವದಲ್ಲಿ ನುಡಿಸಿದರು.

ಇಬ್ಬರು ಗೆಳೆಯರಿಗೆ ಹೆಸರು ಹೇಳದೆ ಕೇಳಿಸಿದೆ. ಒಬ್ಬ ಜೇನುಹುಳು ಎಂದ, ಇನ್ನೊಬ್ಬ ಬಸ್ಸಿನ ಬ್ರೇಕು ಎಂದ. ಹೆಸರು ಹೇಳಿದ ಮೇಲೆ ಇಬ್ಬರೂ ಮತ್ತೊಮ್ಮೆ ಹಾಕು ಎಂದರು. ಈ ಸಲ ಯಾರೂ ನಗಲಿಲ್ಲ. ರಾಗ ಗುರುತಿಸಿ ತಲೆದೂಗುವ ನಮ್ಮ ಕಿವಿಗೆ ಹಿಡಿಯಲು ಸಿಕ್ಕಿದ್ದು ಹೆಸರೊಂದೇ.

ಆದರೆ ಹೆಸರಿಲ್ಲದಿರುವುದೂ ಒಂದು ಬಲವೇ. ಸ್ಟಾಲಿನ್ ಕಾಲದಲ್ಲಿ ಅಲ್ಲಿನ ಸಂಗೀತ ಜನಕ್ಕೆ ಸುಲಭವಾಗಿ ಅರ್ಥವಾಗಬೇಕಿತ್ತು. ಅರ್ಥ ಯಾವುದೆಂದು ಸರ್ಕಾರ ಹೇಳುತ್ತಿತ್ತು. ಬಿಗಿ ಸಡಿಲವಾದ 1956ರಲ್ಲಿ ಬೈರ್ಡ್, ಸೆರೊಟ್ಸ್ಕಿ ಎಂಬ ಸಂಯೋಜಕರ ಯೋಚನೆಯಿಂದ ಈ ಉತ್ಸವ ಹುಟ್ಟಿತು. ಕವಿತೆಯಲ್ಲಾದರೆ ಒಂದು ಸಾಲಿಗೆ ಕತ್ತರಿ ಹಾಕಬಹುದು. ಮಾತಿಲ್ಲದ ಚೀರಾಟದಲ್ಲಿ ಕತ್ತರಿಸುವುದು ಏನನ್ನು? ಸೈನಿಕ ಆಡಳಿತವಿದ್ದ 1982ರಲ್ಲಿ ಉತ್ಸವವೇ ನಡೆಯಲಿಲ್ಲ.

'ಇದು ಸಂಗೀತವೇ?' ಎಂದು ಗೆಳೆಯರು ಈಗಲೂ ಕೇಳುತ್ತಾರೆ. ನಾನು ವಾದಿಸುವುದಿಲ್ಲ, ಇನ್ನೊಂದು ಕೃತಿ ಹಾಕುತ್ತೇನೆ. ಹೆಸರು ಮಾತ್ರ ಕೊನೆಗೆ ಹೇಳುತ್ತೇನೆ.