ಚಿನ್ನ ಕಾಣದ ಚಿನ್ನದೂರು

ಮದುವೆ ಮನೆಗಳಲ್ಲಿ ಪಕ್ಕದ ಎಲೆಯವರು ‘ತಮ್ಮದು ಯಾವೂರಾಯ್ತು?’ ಎಂದು ಕೇಳಿದರೆ, ‘ಕೋಲಾರದ ಕಡೆ’ ಎಂದು ಹೇಳಿ ಸಾರಿಗೆ ಕೈ ಹಾಕಬಹುದಾಗಿದ್ದ ಕಾಲವೊಂದಿತ್ತು. 2018ರ ಡಿಸೆಂಬರಿನಲ್ಲಿ ‘ಕೆಜಿಎಫ್’ ಸಿನಿಮಾ ಬಂದಮೇಲೆ ಆ ಸುಖ ಹೋಯಿತು. ಈಗ ಕೆಜಿಎಫ್ ಎಂದರೆ ಸಾಕು, ದೊಡ್ಡವರ ಹುಬ್ಬು ಮೇಲೇರುತ್ತದೆ, ಹುಡುಗರು ಬಾಯಲ್ಲೇ ಹಿನ್ನೆಲೆ ಸಂಗೀತ ಹಾಕುತ್ತಾರೆ. ಆಮೇಲಿನ ಪ್ರಶ್ನೆ ಮಾತ್ರ ಹಿರಿಯರದೂ ಕಿರಿಯರದೂ ಒಂದೇ: ‘ಅಲ್ಲಿ ಈಗಲೂ ಚಿನ್ನ ಸಿಗುತ್ತಾ?’

ಸಿಗುತ್ತದೆ. ರಾಬರ್ಟ್‌ಸನ್‌ಪೇಟೆಯ ಚಿನ್ನದಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಬೆಂಗಳೂರಿನ ದರವೇ ಇಲ್ಲಿಯೂ. ಮೇಕಿಂಗ್ ಚಾರ್ಜು ಬೇರೆ, ಜಿಎಸ್‌ಟಿ ಬೇರೆ. ಊರಿನವರೆಂದು ಒಂದು ರೂಪಾಯಿ ರಿಯಾಯಿತಿ ಇಲ್ಲ.

ಹೊರಗಿನವರು ಕೆಜಿಎಫ್ (ಕೋಲಾರ್ ಗೋಲ್ಡ್ ಫೀಲ್ಡ್ಸ್) ಎಂದರೆ ಒಂದು ಊರು ಎಂದುಕೊಂಡಿರುತ್ತಾರೆ. ಅದು ಗಣಿಗಳಿಗೆ ಅಂಟಿಕೊಂಡು ಬೆಳೆದ ಹಲವು ಊರುಗಳ ಗುಂಪು. ಊರಿಗಾಂ, ಕೋರಮಂಡಲ, ಚಾಂಪಿಯನ್ ರೀಫ್, ಮಾರಿಕುಪ್ಪಂ. ಪೇಟೆ ಎಂದರೆ ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ. ನಾನಿರುವುದು ಮಾರಿಕುಪ್ಪಂನಲ್ಲಿ. ಬಂಗಾರಪೇಟೆಯಿಂದ ಕವಲೊಡೆದ ರೈಲು ಹಳಿ ಇಲ್ಲಿಗೆ ಬಂದು ನಿಲ್ಲುತ್ತದೆ. ಆಚೆಗೆ ಬಂಡೆ, ಸೀಮೆಜಾಲಿ, ರಾಗಿ ಹೊಲ, ಮೇಕೆ. ಊರಿನ ಈಗಿನ ಸ್ಥಿತಿ ಸೋತ ಮಂತ್ರಿಯದು: ದಾರಿಯಲ್ಲಿ ಸಿಕ್ಕವರು ಹಳೆಯ ಅಭ್ಯಾಸಕ್ಕೆ ಕೈ ಮುಗಿಯುತ್ತಾರೆ, ಹೆಸರು ಹೇಳಿದರೆ ಎಲ್ಲರಿಗೂ ಗೊತ್ತು, ಆದರೆ ಅರ್ಜಿ ಕೊಡಲು ಯಾರೂ ಬರುವುದಿಲ್ಲ.

ನಾನು ಮೂಲತಃ ಇಲ್ಲಿಯವನಲ್ಲ. ಮಳವಳ್ಳಿ ತಾಲ್ಲೂಕಿನವನು, ಕನ್ನಡ ಮೇಷ್ಟ್ರ ಕೆಲಸಕ್ಕೆಂದು ಬಂದವನು. ನಮ್ಮ ತಾಲ್ಲೂಕಿಗೂ ಈ ಊರಿಗೂ ಹಳೆಯದೊಂದು ಬಾಕಿ ಇದೆ. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಇಲ್ಲಿನ ಗಣಿಗಳನ್ನು ತಲುಪಿತು. ಆ ಕಾಲಕ್ಕೆ ಜಗತ್ತಿನಲ್ಲೇ ಅಷ್ಟು ಉದ್ದದ ಮಾರ್ಗಗಳು ಬೆರಳೆಣಿಕೆಯಷ್ಟು. ಅದಕ್ಕಾಗಿ ಓಡಾಡಿದ ದಿವಾನ್ ಶೇಷಾದ್ರಿ ಅಯ್ಯರ್ ದೀಪ ಹತ್ತುವುದನ್ನು ನೋಡಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಕಾವೇರಿ ಧುಮುಕುವ ಜಾಗದ ಪಕ್ಕದಲ್ಲೇ ಇದ್ದ ನಮ್ಮ ಹಳ್ಳಿಗೆ ಬರುವ ಹೊತ್ತಿಗೆ ನನ್ನಪ್ಪನ ಮೀಸೆ ನರೆಯತೊಡಗಿತ್ತು. ನಮ್ಮ ನೀರಿನ ಬೆಳಕು ಮೊದಲು ಯಾರ ಮನೆ ಬೆಳಗಿತೋ ನೋಡೋಣ ಎಂಬ ಕುತೂಹಲ, ಇಲ್ಲಿಗೆ ವರ್ಗವಾದಾಗ, ನನಗೆ ಇದ್ದೇ ಇತ್ತು.

ಬೆಳಗಿದ್ದು ಯಾರ ಮನೆ ಎಂದು ಬಂದ ಕೆಲವೇ ದಿನಗಳಲ್ಲಿ ತಿಳಿಯಿತು. ಅಧಿಕಾರಿಗಳ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಒಂದು ಕಡೆ. ಇನ್ನೊಂದು ಕಡೆ ಕಾರ್ಮಿಕರ ಲೈನುಗಳು; ಒಂದಕ್ಕೊಂದು ಗೋಡೆ ಕೊಟ್ಟುಕೊಂಡು ಸಾಲಾಗಿ ನಿಂತ ಪುಟ್ಟ ಮನೆಗಳು. ಮೊದಮೊದಲು ಅವು ತಟ್ಟಿಯ ಗುಡಿಸಲುಗಳೇ. ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಗಳಿಂದ ಬಂದ ಜನ, ಬಹುಪಾಲು ದಲಿತರು, ಈ ಲೈನುಗಳಲ್ಲಿ ಸಂಸಾರ ಹೂಡಿದರು. ಗಣಿಗಳ ಒಳ್ಳೆಯ ದಿನಗಳಲ್ಲಿ ಕೆಲಸಗಾರರೇ ಸುಮಾರು 30 ಸಾವಿರ ಮಂದಿ.

ನಮ್ಮ ಪಕ್ಕದ ಮನೆಯ ತಾತ ಅಂಥ ಲೈನಿನಲ್ಲಿ ಹುಟ್ಟಿ ಬೆಳೆದವರು, ವಯಸ್ಸಿನ ಬಹುಭಾಗವನ್ನು ನೆಲದಡಿಯಲ್ಲಿ ಕಳೆದವರು. ಬಂದ ಹೊಸತರಲ್ಲಿ ನಾನೂ ಎಲ್ಲರಂತೆಯೇ ಕೇಳಿದ್ದೆ: ‘ತಾತಾ, ಒಳಗೆ ಚಿನ್ನ ನೋಡಿದ್ದೀರಾ?’

ಅವರು ಎಲೆಯಡಿಕೆ ಒಂದು ಕೆನ್ನೆಗೆ ಸರಿಸಿ, ‘ಚಿನ್ನಾನಾ? ನೋಡಿದ್ದೀನಿ ಮೇಷ್ಟ್ರೇ, ನನ್ನ ಹೆಂಡ್ತಿ ಮೂಗಲ್ಲಿ’ ಎಂದರು.

ತಮಾಷೆಯಲ್ಲ, ಲೆಕ್ಕವೇ ಹಾಗಿದೆ. ಗಣಿಗಾರಿಕೆಯ ಆರಂಭದ ವರ್ಷಗಳಲ್ಲಿ ಒಂದು ಟನ್ ಅದಿರಿಗೆ 40 ಗ್ರಾಂಗೂ ಮೀರಿ ಚಿನ್ನ ಸಿಗುತ್ತಿತ್ತಂತೆ. ಕೊನೆಗಾಲದಲ್ಲಿ ಮೂರು ಗ್ರಾಮಿನ ಆಸುಪಾಸು. ಟನ್ ಕಲ್ಲು ಒಡೆದರೆ ಒಂದು ಸಣ್ಣ ಉಂಗುರ. ಒಳಗಿದ್ದವನ ಕಣ್ಣಿಗೆ ಬಿದ್ದದ್ದು ಕಪ್ಪು ಕಲ್ಲು, ಅದರ ನಡುವೆ ಬಿಳಿ ಬೆಣಚಿನ ಗೀರು, ಅಷ್ಟೇ. ಆ ಕಲ್ಲು ಮೇಲೆ ಬಂದು, ಪುಡಿಯಾಗಿ, ಅದರೊಳಗಿನ ಚಿನ್ನ ಸೈನೈಡ್ ನೀರಿನಲ್ಲಿ ಕರಗಿ, ಮತ್ತೆ ಗಟ್ಟಿಯಾಗಿ ಹಳದಿ ಬಣ್ಣ ತಾಳುವ ಹೊತ್ತಿಗೆ ಅದನ್ನು ತೋಡಿದವನು ಮೂರು ಬಾಗಿಲಾಚೆ ಇರುತ್ತಿದ್ದ, ಬಾಗಿಲು ಬಾಗಿಲಿಗೂ ಕಾವಲು. ಸುಮಾರು 120 ವರ್ಷಗಳಲ್ಲಿ ಇಲ್ಲಿಂದ ಹೊರಟ ಚಿನ್ನ 800 ಟನ್. ಊರಿನಲ್ಲಿ ಉಳಿದದ್ದು ಕಲ್ಲು ಪುಡಿ.

ಈ ಚಿನ್ನದ ಕತೆ ಇನ್ನೂ ಹಳೆಯದು. 1802ರಲ್ಲಿ ಜಾನ್ ವಾರೆನ್ ಎಂಬ ಲೆಫ್ಟಿನೆಂಟ್ ಈ ಕಡೆ ಸರ್ವೆಗೆ ಬಂದಾಗ ಊರಿಗಾಂ, ಮಾರಿಕುಪ್ಪಂಗಳ ಹಳ್ಳಿಯವರು ಮಣ್ಣು ತೊಳೆದು ಚಿನ್ನದ ಕಣ ಹೆಕ್ಕುವುದನ್ನು ಕಂಡು ಬರೆದಿಟ್ಟ. 1875ರಲ್ಲಿ ಮೈಕೆಲ್ ಲ್ಯಾವೆಲ್ ಎಂಬ ಐರಿಷ್ ಮೂಲದ ಮಾಜಿ ಸೈನಿಕ ಮೈಸೂರು ಸರ್ಕಾರದಿಂದ ಗಣಿಯ ಹಕ್ಕು ಪಡೆದ. ಅವನ ಹೆಸರಿನ ರಸ್ತೆ ಬೆಂಗಳೂರಿನಲ್ಲಿದೆ. ಅಲ್ಲಿ ಒಂದು ಕಾಫಿಗೆ ಕೊಡುವ ದುಡ್ಡಿನಲ್ಲಿ ನಮ್ಮಲ್ಲಿ ಇಬ್ಬರು ಊಟ ಮಾಡಿ ಬೀಡಾ ಹಾಕಬಹುದು. 1880ರಿಂದ ಜಾನ್ ಟೇಲರ್ ಕಂಪನಿಯ ಕಾಲ. ನಂತರ 1956ರಲ್ಲಿ ರಾಷ್ಟ್ರೀಕರಣವಾಗಿ ಮೈಸೂರು ಸರ್ಕಾರ, ಅದಾದಮೇಲೆ ಕೇಂದ್ರ ಸರ್ಕಾರ. ಧಣಿ ಬದಲಾದಾಗಲೆಲ್ಲ ಬೋರ್ಡು ಬದಲಾಯಿತು. ಕೇಜಿನಲ್ಲಿ ಇಳಿಯುವವರು ಮಾತ್ರ ಅವರೇ, ಅವರ ಮಕ್ಕಳೇ, ಮೊಮ್ಮಕ್ಕಳೇ.

ಇಳಿಯುವುದೆಂದರೆ ಎಷ್ಟು ಇಳಿಯುವುದು? ಚಾಂಪಿಯನ್ ರೀಫ್ ಗಣಿಯ ತಳ ಮೂರು ಕಿಲೋಮೀಟರಿಗೂ ಆಳ. ಮೊದಲ ಕೇಜು ಇಳಿದು, ಸುರಂಗದಲ್ಲಿ ನಡೆದು, ಇನ್ನೊಂದು ಕೇಜು ಹತ್ತಿ ಮತ್ತೆ ಇಳಿಯಬೇಕು. ಅಷ್ಟು ಆಳದಲ್ಲಿ ಬಂಡೆಯ ಶಾಖವೇ 65 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಕಾರ್ಮಿಕರಿಗೆಂದು ಮೇಲಿನಿಂದ ತಣ್ಣನೆಯ ಗಾಳಿ ಊದುತ್ತಿದ್ದರು. ಶಾಖಕ್ಕಿಂತ ಭಯ ಏರ್‌ಬ್ಲಾಸ್ಟಿನದು. ಕೊರೆದೂ ಕೊರೆದೂ ಟೊಳ್ಳಾದ ಬಂಡೆ ಒತ್ತಡ ತಾಳಲಾರದೆ ಫಕ್ಕನೆ ಸಿಡಿಯುವುದಕ್ಕೆ ಇಲ್ಲಿಯವರು ಇಟ್ಟ ಹೆಸರು ಅದು. ಒಳಗೆ ಸಿಡಿದರೆ ಮೇಲೆ ಅಡುಗೆಮನೆಯ ಪಾತ್ರೆ ಉರುಳುತ್ತಿದ್ದವು. ಹೆಂಗಸರು ಒಲೆ ಹಾಗೇ ಬಿಟ್ಟು ಶಾಫ್ಟಿನ ಬಾಯಿಗೆ ಓಡುತ್ತಿದ್ದರಂತೆ, ಯಾರ ಮನೆಯವರು ಮೇಲೆ ಬರುತ್ತಾರೆ, ಯಾರ ಮನೆಯವರನ್ನು ಮೇಲೆ ತರುತ್ತಾರೆ ಎಂದು ನೋಡಲು. ಉಳಿದವರ ಶ್ವಾಸಕೋಶದಲ್ಲಿ ಕಲ್ಲುದೂಳು ಮನೆ ಮಾಡಿತು. ತಾತ ಒಂದು ವಾಕ್ಯ ಮುಗಿಸುವುದರೊಳಗೆ ಎರಡು ಸಲ ಉಸಿರು ತೆಗೆದುಕೊಳ್ಳುವುದು ವಯಸ್ಸಿಗಷ್ಟೇ ಅಲ್ಲ.

ಈ ಆಳದಿಂದ ಚಿನ್ನವಲ್ಲದ ಒಂದು ಲಾಭವೂ ಆಯಿತು. 1965ರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳ ಜೊತೆ ಸೇರಿ, ಇಲ್ಲಿ ಎರಡು ಕಿಲೋಮೀಟರಿಗೂ ಆಳದಲ್ಲಿ ಉಪಕರಣ ಹೂಡಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು ಹಿಡಿದರು. ಆ ಕೆಲಸದಲ್ಲಿ ಮುಂದಿದ್ದವರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಒಬ್ಬರು. ಭೂಮಿಯನ್ನೇ ತೂರಿಕೊಂಡು ಹೋಗುವ, ಇದೆಯೋ ಇಲ್ಲವೋ ಎನ್ನುವಂಥ ಕಣ ಅದು. ತಾತನಿಗೆ ಇದನ್ನು ವಿವರಿಸಲು ಒಂದು ಸಂಜೆ ಪ್ರಯತ್ನಿಸಿದೆ. ‘ಹಂಗಾದ್ರೆ ಅವರೂ ಕಣ್ಣಲ್ಲಿ ಕಾಣದ್ದನ್ನೇ ಹುಡುಕ್ತಿದ್ರು ಅನ್ನಿ. ಆದ್ರೆ ಅವರಿಗೆ ಸಿಕ್ತು’ ಎಂದರು.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಒಂದು ಗ್ರಾಂ ತೆಗೆಯಲು ತಗಲುವ ಖರ್ಚು ಆ ಗ್ರಾಮಿನ ಬೆಲೆಯನ್ನು ಮೀರಿ ಎಷ್ಟೋ ವರ್ಷಗಳಾಗಿದ್ದವು, ಲೆಕ್ಕಪತ್ರದಲ್ಲಿ ತಪ್ಪೇನಿರಲಿಲ್ಲ. ಆಗ 10 ಗ್ರಾಂ ಚಿನ್ನಕ್ಕೆ ನಾಲ್ಕೂಕಾಲು, ನಾಲ್ಕೂವರೆ ಸಾವಿರ. 2025ರಲ್ಲಿ ಅದು ಲಕ್ಷ ದಾಟಿತು. ದರ ಏರಿದಾಗಲೆಲ್ಲ ನಮ್ಮೂರ ಚಹಾ ಅಂಗಡಿಗಳಲ್ಲಿ ‘ಇನ್ನೊಂದಿಷ್ಟು ವರ್ಷ ತಡೆದಿದ್ದರೆ...’ ಎಂಬ ಮಾತು ಏಳುತ್ತದೆ. ಪಂಪು ನಿಲ್ಲಿಸಿದ ಮೇಲೆ ಸಾವಿರ ಕಿಲೋಮೀಟರಿಗೂ ಮೀರಿದ ಸುರಂಗಗಳಲ್ಲಿ ನೀರು ಏರಿತು. ಏರಿದ ಮೇಲೂ ನೆಲ ಆಗೊಮ್ಮೆ ಈಗೊಮ್ಮೆ ಗುಡುಗುವುದನ್ನು ಬಿಡಲಿಲ್ಲ. ಹೊಸದಾಗಿ ಬಂದವರು ಭೂಕಂಪವೆಂದು ಹೊರಗೋಡುತ್ತಾರೆ. ಹಳಬರು ತಟ್ಟೆಯಿಂದ ತಲೆ ಎತ್ತುವುದಿಲ್ಲ.

ಗಣಿ ಹೋದಾಗ ಊರಿಗೆ ಆದ ನಷ್ಟ ಚಿನ್ನದ್ದಲ್ಲ ಎನ್ನುವುದು ಇಲ್ಲಿ ಬಾಳಿದವರಿಗೆ ಗೊತ್ತು. ಅದು ಮೊದಲಿನಿಂದಲೂ ನಮ್ಮದಾಗಿರಲಿಲ್ಲ. ಹೋದದ್ದು ತಿಂಗಳ ಸಂಬಳ, ಪಾಳಿಯ ಸೈರನ್ನು, ಬೇತಮಂಗಲದಿಂದ ಬರುತ್ತಿದ್ದ ಪಾಲಾರಿನ ನೀರಿನ ಭರವಸೆ, ರಾತ್ರಿ ಎಷ್ಟು ಹೊತ್ತಿಗಾದರೂ ಹೆರಿಗೆಗೆ ಕರೆದೊಯ್ಯಬಹುದಾಗಿದ್ದ ದೊಡ್ಡಾಸ್ಪತ್ರೆ. 1960ರ ದಶಕದಲ್ಲಿ ಬಂದ ಬೆಮೆಲ್ ಕಾರ್ಖಾನೆ ಒಂದಷ್ಟು ಮನೆಗಳನ್ನು ಹಿಡಿದು ನಿಲ್ಲಿಸಿತು. ಉಳಿದವರನ್ನು ರೈಲು ಎತ್ತಿಕೊಂಡು ಹೋಯಿತು.

ರೈಲಿನ ವಿಷಯ ಹೇಳದೆ ಮಾರಿಕುಪ್ಪಂ ವಿಷಯ ಮುಗಿಯುವುದಿಲ್ಲ. ಹಿಂದೆ ಈ ಊರು ದಿನಾ ಬೆಳಿಗ್ಗೆ ಕೆಳಕ್ಕೆ ಇಳಿಯುತ್ತಿತ್ತು. ಈಗ ದಿನಾ ಬೆಳಿಗ್ಗೆ ಬೆಂಗಳೂರಿಗೆ ಹೋಗುತ್ತದೆ. ಬೆಳಕು ಹರಿಯುವ ಮುಂಚೆಯೇ ಪ್ಲಾಟ್‌ಫಾರ್ಮ್ ತುಂಬಿರುತ್ತದೆ: ಗಾರೆ ಕೆಲಸದವರು, ಸೆಕ್ಯುರಿಟಿಯವರು, ನರ್ಸುಗಳು, ಗಾರ್ಮೆಂಟ್ಸಿನ ಹೆಣ್ಣುಮಕ್ಕಳು, ಲ್ಯಾಪ್‌ಟಾಪ್ ಚೀಲದ ಹುಡುಗರು. ಹತ್ತಿದ ಕೂಡಲೇ ಒಂದು ಗುಂಪು ಇಸ್ಪೀಟು ತೆಗೆಯುತ್ತದೆ, ಇನ್ನೊಂದು ಗುಂಪು ನಿದ್ದೆ. ಸಂಜೆ ಬರುವಾಗ ಅಕ್ಕಂದಿರು ಸೀಟಿನ ಮೇಲೆ ಪೇಪರು ಹರಡಿ ಹುರುಳಿಕಾಯಿ ಸೋಸುತ್ತಾರೆ. ಊರಿಗಾಂ ಬರುವಷ್ಟರಲ್ಲಿ ಅರ್ಧ ಅಡುಗೆಯಾಗಿರುತ್ತದೆ. ತಮಿಳಿನಲ್ಲಿ ಶುರುವಾದ ಜಗಳ ತೆಲುಗಿನಲ್ಲಿ ಬೆಳೆದು ಕನ್ನಡದಲ್ಲಿ ರಾಜಿಯಾಗುತ್ತದೆ. ಬೆಂಗಳೂರು ಇದಕ್ಕೆ ಪ್ರತಿಯಾಗಿ ಏನೂ ಕೊಡುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ತನ್ನ ಕೊಳಚೆ ನೀರನ್ನು ಶುದ್ಧಿ ಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಕಳಿಸುತ್ತಿದೆ.

ನನ್ನ ತರಗತಿಯ ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ತಮಿಳು. ಅವರ ಮುತ್ತಜ್ಜಂದಿರ ಬಗ್ಗೆ ಪಠ್ಯಪುಸ್ತಕದಲ್ಲಿ ಇಲ್ಲದ ಪಾಠವೊಂದನ್ನು ನಾನು ಸಮಯ ಸಿಕ್ಕಾಗ ಹೇಳುವುದುಂಟು. ತಮಿಳು ಬೌದ್ಧ ಚಿಂತಕ ಅಯೋತಿ ದಾಸರ ಪ್ರಭಾವದಿಂದ ಈ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳ ಕಾರ್ಮಿಕರು, ಅಂಬೇಡ್ಕರರು ದೀಕ್ಷೆ ತೆಗೆದುಕೊಳ್ಳುವುದಕ್ಕೆ ಹಲವು ದಶಕಗಳ ಮೊದಲೇ ಬೌದ್ಧ ಸಂಘ ಕಟ್ಟಿದ್ದರು. 1930ರಲ್ಲಿ ಕಂಪನಿಯವರು ಪ್ರತಿಯೊಬ್ಬ ಕೂಲಿಯ ಬೆರಳಚ್ಚು ತೆಗೆದು ದಾಖಲೆ ಇಡುತ್ತೇವೆಂದಾಗ, ‘ನಾವೇನು ಕಳ್ಳರಾ?’ ಎಂದು ಮೂರು ವಾರ ಕೆಲಸ ನಿಲ್ಲಿಸಿದರು. ಸಿನಿಮಾದಲ್ಲಿ ಈ ಊರಿನ ಜನಕ್ಕೆ ಬಿಡುಗಡೆ ಕೊಡಿಸಲು ಹೊರಗಿನಿಂದ ಒಬ್ಬ ನಾಯಕ ಬರಬೇಕಾಯಿತು. ಚರಿತ್ರೆಯಲ್ಲಿ ಹಾಗಿಲ್ಲ.

ಈಚೆಗೆ ನ್ಯಾಯಬೆಲೆ ಅಂಗಡಿಗೆ ತಾತನ ಜೊತೆ ಹೋಗಿದ್ದೆ. ಯಂತ್ರದ ಮೇಲೆ ಅವರು ಹೆಬ್ಬೆರಳಿಟ್ಟರು, ತೋರುಬೆರಳಿಟ್ಟರು, ಒರೆಸಿ ಮತ್ತೆ ಇಟ್ಟರು. ಯಂತ್ರ ಒಪ್ಪಲಿಲ್ಲ. ಕಲ್ಲು, ಮರ, ಕಬ್ಬಿಣ ಹಿಡಿದು ಬೆರಳಿನ ಗೆರೆಗಳೆಲ್ಲ ಸವೆದುಹೋಗಿವೆ. ‘ನಮ್ಮಪ್ಪ ಕೊಡಲ್ಲ ಅಂದ, ನಾನು ಕೊಡ್ತೀನಿ ಅಂದ್ರೂ ಬೇಡ ಅಂತದೆ’ ಎಂದು ಅವರು ನಕ್ಕರು. ಅಂಗಡಿಯ ಹುಡುಗ ಅವರ ಮೊಮ್ಮಗಳನ್ನು ಕರೆಸಿ ಅಕ್ಕಿ ಕೊಟ್ಟ.

ಊರಿನ ಸುತ್ತ ನಿಂತಿರುವ ಬೂದು ಬಣ್ಣದ ದಿಬ್ಬಗಳು ಆ 120 ವರ್ಷಗಳ ಗಸಿ. ಸೈನೈಡ್ ದಿಬ್ಬ ಎಂದೇ ಅವುಗಳ ಹೆಸರು. ಆಷಾಢದ ಗಾಳಿಗೆ ಅವುಗಳ ಪುಡಿ ಎದ್ದು ಒಣಹಾಕಿದ ಬಟ್ಟೆ, ಮುಚ್ಚದ ನೀರು, ಮಕ್ಕಳ ಕಣ್ಣು ಒಂದನ್ನೂ ಬಿಡುವುದಿಲ್ಲ. ಸಿನಿಮಾದವರಿಗೆ ಅಲ್ಲಿ ಮರುಭೂಮಿ ಕಂಡಿತು, ಸೆಟ್ ಹಾಕಿದರು. ಸರ್ಕಾರಕ್ಕೆ ಅಲ್ಲಿ ಇನ್ನೂ ಉಳಿದಿರುವ ಚಿನ್ನ ಕಂಡಿದೆ: 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಸುಮಾರು ಸಾವಿರ ಎಕರೆಯ 13 ದಿಬ್ಬಗಳಿಂದ ಅದನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ತೆಗೆಯಲಿ, ಬೇಡ ಎನ್ನಲು ನಾನ್ಯಾರು. ದಿಬ್ಬ ಕರಗಿದರೆ ನಮ್ಮ ಕಣ್ಣಿಗಾದರೂ ಆರಾಮ. ಆದರೆ ಈ ಸಲವೂ ಚಿನ್ನ ಹೊರಗೆ, ಧೂಳು ಒಳಗೆ ಎಂಬ ಹಳೆಯ ಕರಾರೇ ಆಗಬಾರದು. ಲೈನಿನ ಮನೆಯಲ್ಲಿ ಮೂರು ತಲೆಮಾರು ಬಾಳಿಯೂ ಹಕ್ಕುಪತ್ರಕ್ಕೆ ಕಾಯುತ್ತಿರುವವರಿಗೆ ಮೊದಲು ಅದನ್ನು ಕೊಡಲಿ. ಕಲ್ಲುದೂಳು ಕುಡಿದ ಎದೆಗಳಿಗೆ ಒಂದು ಒಳ್ಳೆಯ ಆಸ್ಪತ್ರೆ ಕೊಡಲಿ. ಹೊಸ ಕೆಲಸದಲ್ಲಿ ಮೊದಲ ಪಾಲು ಇಲ್ಲಿನ ಹುಡುಗರಿಗಿರಲಿ, ಅವರು ಬೆಳಗಿನ ರೈಲು ಹಿಡಿಯುವುದು ತಪ್ಪಲಿ.

ಇನ್ನು ನಮ್ಮೂರಿಗೆ ಬರಬೇಕೆನ್ನುವವರಿಗೆ ಒಂದು ಮಾತು. ರೈಲಿನಲ್ಲೇ ಬನ್ನಿ, ಮಾರಿಕುಪ್ಪಂ ಕೊನೆಯ ನಿಲ್ದಾಣ, ನಿದ್ದೆ ಹೋದರೂ ದಾಟಿಹೋಗುವ ಭಯವಿಲ್ಲ. ದಿಬ್ಬದ ಮುಂದೆ ಫೋಟೋ ಬೇಕಾದರೆ ತೆಗೆಸಿಕೊಳ್ಳಿ. ಆಮೇಲೆ ಯಾವುದಾದರೂ ಲೈನಿನ ಜಗಲಿಯಲ್ಲಿ ಕೂತು ಹಿರಿಯರೊಬ್ಬರನ್ನು ಮಾತಾಡಿಸಿ. ಚಿನ್ನ ಇದೆಯಾ ಎಂದು ಮಾತ್ರ ಕೇಳಬೇಡಿ. ನೀರು ಬಂತಾ ಎಂದು ಕೇಳಿ. ಇಲ್ಲಿ ಅದೇ ಕುಶಲ ವಿಚಾರಿಸುವ ಕ್ರಮ.